ಇಂಜಿನ್ ಬಿಚ್ಚಿದ ಗಾಡಿಗೆ ಪ್ರವಾಸ ವಿಮೆ

ಹಳೆಯ ಟ್ರ್ಯಾಕ್ಟರ್ ಕೊಳ್ಳುವವರಿಗೆ ನಾನು ಬಿಟ್ಟಿಯಾಗಿ ಕೊಡುವ ಸಲಹೆಯೊಂದಿದೆ: ಮಾರುವವನ ಮುಖ ನೋಡಬೇಡಿ, ಬೋಲ್ಟು ನೋಡಿ. ಒಮ್ಮೆ ಪಾನಾ ಬಿದ್ದ ಬೋಲ್ಟಿನ ಮೂಲೆಯಲ್ಲಿ ಬಣ್ಣ ಹಾರಿರುತ್ತದೆ. ಅದರ ಮೇಲೆ ಮತ್ತೆ ಬಣ್ಣ ಹೊಡೆದರೆ, ಆ ಹೊಸ ಬಣ್ಣ ತನ್ನ ಹೊಳಪಿನಿಂದಲೇ ಸಿಕ್ಕಿಬೀಳುತ್ತದೆ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಬಲ್ಲೆ, ಏಕೆಂದರೆ ಹಾಗೆ ಬಣ್ಣ ಹೊಡೆಯುವವನು ನಾನೇ. ಗ್ಯಾರೇಜಿನಲ್ಲಿ ಪಾನಾ ಒರೆಸುವ ಕೆಲಸದಿಂದ ಶುರು ಮಾಡಿ, ಬೈಲಹೊಂಗಲದಲ್ಲಿ ಅಂಗಳದ ತುಂಬ ಹಳೆಯ ಟ್ರ್ಯಾಕ್ಟರ್ ನಿಲ್ಲಿಸುವ ಮಟ್ಟಕ್ಕೆ ಬಂದವನು. ಈ ಮೂವತ್ತು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ‘ಇಂಜಿನ್ ಬಿಚ್ಚಿಲ್ರಿ’, ಅಂದರೆ ಒಳಗೆ ರಿಪೇರಿಯೇ ಆಗಿಲ್ಲ, ಎಂಬುದು. ಅದರಲ್ಲಿ ಎಷ್ಟು ಸಲ ನಿಜ ಎಂದು ಕೇಳಬೇಡಿ. ‘ನನ್ನ ಕೈಯಾರೆ ಬಿಚ್ಚಿಲ್ಲ’ ಎಂಬ ಅರ್ಥದಲ್ಲಿ ಬಹುಪಾಲು ನಿಜವೇ.

ಎರಡು ವರ್ಷದ ಹಿಂದೆ ನನ್ನ ಇಂಜಿನ್ನನ್ನೇ ಬಿಚ್ಚಿದರು. ಪೂರ್ತಿ ಬಿಚ್ಚಲಿಲ್ಲ, ಬೆಳಗಾವಿಯ ಆಸ್ಪತ್ರೆಯಲ್ಲಿ ಕೈಯ ರಕ್ತನಾಳದೊಳಗಿಂದ ತಂತಿ ತೂರಿಸಿ ಹೃದಯದಲ್ಲೊಂದು ಸ್ಟೆಂಟ್ ಕೂರಿಸಿದರು. ನಮ್ಮ ದಂಧೆಯ ಲೆಕ್ಕದಲ್ಲಿ ಅದೂ ಬಿಚ್ಚಿದಂತೆಯೇ. ಬಜಾರದವರಿಗೆ ಮಾತ್ರ ಸವದತ್ತಿಯ ಬೀಗರ ಮನೆಯ ಮದುವೆಗೆ ಹೋಗುತ್ತೇನೆಂದು ಹೇಳಿದ್ದೆ. ವ್ಯಾಪಾರಿಯ ಎದೆ ಸೋತಿದೆ ಎಂದು ಗೊತ್ತಾದರೆ ಗಿರಾಕಿ ದರ ಏರಿಸುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಹೀಗಾಗಿ ಈ ಸಂಗತಿ ಡಾಕ್ಟರನ್ನು, ನನ್ನ ಹೆಂಡತಿ ಸುವರ್ಣಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ನಮ್ಮ ಓಣಿಯ ಏಳು ಜೋಡಿಗಳು ನೇಪಾಳದ ಮುಕ್ತಿನಾಥಕ್ಕೆ ಹೊರಟವು. ಸುವರ್ಣಾಳಿಗೆ ದೇವರ ದರ್ಶನದಷ್ಟೇ ಆಸೆ ಹಿಮದ ಮೇಲೆ. ಫ್ರಿಜ್ಜಿನದಲ್ಲ, ನೆಲದ ಮೇಲೆ ಬಿದ್ದ ಹಿಮವನ್ನು ಒಮ್ಮೆ ಮುಷ್ಟಿಯಲ್ಲಿ ಹಿಡಿಯಬೇಕಂತೆ. ಮದುವೆಯಾದಾಗಿನಿಂದ ಆಕೆ ಕೇಳಿದ್ದರಲ್ಲಿ ಸೆಕೆಂಡ್‌ಹ್ಯಾಂಡ್ ಸಿಗದ ವಸ್ತು ಅದೊಂದೇ. ಡಾಕ್ಟರು ನೋಡಿ, ನಿಧಾನಕ್ಕೆ ಹತ್ತುವುದಾದರೆ ಅಡ್ಡಿಯಿಲ್ಲ ಎಂದರು. ಆದರೆ ಪ್ರವಾಸ ಹೊರಡಿಸುವ ಯರಗಟ್ಟಿಯ ಮನುಷ್ಯ, ಎತ್ತರದ ಗುಡ್ಡ, ವಿಮೆಯಿಲ್ಲದವರಿಗೆ ಸೀಟಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟ.

ವಿಮೆ ಮಾಡಿಸಲು ಸಂಪಗಾಂವದ ಏಜೆಂಟ್ ರೇಷ್ಮಾ ಮನೆಗೆ ಬಂದಳು. ಆಕೆಯ ತಂದೆ ನನ್ನ ಹಳೆಯ ಗಿರಾಕಿ. ಪರಿಚಯದ ಹುಡುಗಿ, ದರದಲ್ಲಿ ಒಂದಿಷ್ಟು ಜಗ್ಗಾಡಬಹುದು ಎಂಬುದು ನನ್ನ ಲೆಕ್ಕ. ಹೆಸರು, ವಯಸ್ಸು ಎಲ್ಲ ಮೊಬೈಲಿನಲ್ಲಿ ತುಂಬಿಕೊಂಡು, ಮೊದಲಿನಿಂದ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದಳು. ಮೂವತ್ತು ವರ್ಷದ ರೂಢಿ, ನಾಲಗೆ ತಾನಾಗಿ ಹೊರಳಿತು. ಏನೂ ಇಲ್ಲ ಅಂತ ಬರಕೊ ಮಗಳ, ಎಂದೆ.

ರೇಷ್ಮಾ ಬರೆಯಲಿಲ್ಲ. ನನ್ನ ಅಂಗಿಯ ಕಿಸೆ ನೋಡಿದಳು. ಮಾತ್ರೆಯ ಹಾಳೆ ಅಲ್ಲಿಂದ ಇಣುಕುತ್ತಿತ್ತು. ನನ್ನ ಬೋಲ್ಟು ಅದು.

“ಕಾಕಾ, ಇದ ಮಾತು ನೀವು ನಮ್ಮಪ್ಪಗೂ ಹೇಳಿದ್ರಿ. ಆ ಟ್ರ್ಯಾಕ್ಟರ್ ಬಿತ್ತಿಗಿ ನಡುವ ನಿಂತಾಗ ಬಾಜೂ ಹೊಲದವರು ಬಂದು ಎಳದ್ರು. ನೀವು ಆ ಗುಡ್ಡದ ಮ್ಯಾಲ ನಿಂತ್ರ ಯಾರ ಎಳೀತಾರ? ಭಾಷಾ ಬರದ ಊರಾಗ ಕಾಕು ಒಬ್ಬಾಕಿನ ಏನ ಮಾಡಬೇಕು?”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ನನಗೆ ಸುಲಭವಿತ್ತು. ಬರೆದರೆ ಕಂತು ಏರುತ್ತದೆ, ಬರೆಯದೆ ಹೋದರೆ ನಾಳೆ ಏನಾದರೂ ಆದಾಗ ಕಂಪನಿಯವರು ಆಸ್ಪತ್ರೆಯ ಹಳೆಯ ಕಾಗದ ಹುಡುಕಿ ತೆಗೆದು ಕೈ ಎತ್ತುತ್ತಾರೆ ಎಂದು ತಿಳಿಸಿ ಹೇಳಿದಳು. ಸುವರ್ಣಾ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಪರವೂರಿನ ಆಸ್ಪತ್ರೆಯ ಮುಂದೆ, ಕೆಲಸಕ್ಕೆ ಬಾರದ ಕಾಗದ ಹಿಡಿದು ಹೀಗೇ ನಿಂತಿರುವ ಆಕೆ ಒಂದು ಗಳಿಗೆ ನನ್ನ ಕಣ್ಣಿಗೆ ಕಂಡಳು. ಸ್ಟೆಂಟ್ ಬರೆಸಿದೆ.

ಬರೆಸಿದ ಮೇಲೆ ಚೌಕಾಸಿ ಮಾಡದಿದ್ದರೆ ನಾನು ನಾನಲ್ಲ. “ಹೊಸಾ ಪಾರ್ಟ್ ಕುಂಡರಿಸಿದ ಗಾಡಿ ಮಗಳ, ಮೊದಲಿಗಿಂತ ಚಲೋ ಓಡತೈತಿ. ರೇಟ್ ಇಳೀಬೇಕು, ಏರೂದ ಯಾಕ?” ಎಂದೆ.

“ಹಂಗಿದ್ರ ನಮ್ಮಪ್ಪಗೂ ಪಾರ್ಟ್ ಹಾಕೇನಿ ಅಂತ ಹೇಳೇ ಮಾರಬೇಕಿತ್ತಲ್ರಿ,” ಎಂದಳು. ಅಲ್ಲಿಗೆ ನನ್ನ ಚೌಕಾಸಿ ಮುಗಿಯಿತು.

ಮತ್ತೇನಾದರೂ ಇದೆಯೇ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಎಡಮೊಣಕಾಲು ವರ್ಷದಿಂದ ಹಿಡಿಯುತ್ತಿತ್ತು, ನಿಜ. ಆದರೆ ಅದು ಟೈರಿನ ಬಾಬತ್ತು, ಇಂಜಿನ್ನಿನದಲ್ಲ.

ಮುಂದೆ ಸುವರ್ಣಾಳ ಫಾರಂ. ಕಾಯಿಲೆಯ ಪ್ರಶ್ನೆ ಬಂದಾಗ ಆಕೆಯ ಪರವಾಗಿ ನಾನೇ ಜಂಬದಿಂದ, ಅದು ಶೋರೂಮ್ ಗಾಡಿ, ಏನೂ ಇಲ್ಲ ಎಂದೆ. ಸುವರ್ಣಾ ಚಹಾದ ಕಪ್ಪು ನನ್ನ ಮುಂದಿಟ್ಟು, “ಬಿಪಿ ಐತಿ, ಬರಕೊ ಯವ್ವಾ,” ಎಂದಳು. ಚೇಷ್ಟೆ ಎಂದುಕೊಂಡೆ. ಆಕೆ ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆ ತಂದಳು.

“ಯಾವಾಗಿಂದ?” ಎಂದೆ.

“ನಿಮ್ಮ ಇಂಜಿನ್ ಬಿಚ್ಚಿದ ದಿನದಿಂದ.”

ನಾನು ಒಳಗೆ ಮಲಗಿದ್ದಾಗ ಹೊರಗೆ ಬೆಂಚಿನ ಮೇಲೆ ಕುಳಿತವಳಿಗೆ ತಲೆ ತಿರುಗಿತಂತೆ, ನರ್ಸು ನೋಡಿದಳಂತೆ. ನನಗೆ ಹೇಳಿದರೆ ನನ್ನದೂ ಏರುತ್ತದೆಂದು ಬಾಯಿ ಬಿಡಲಿಲ್ಲವಂತೆ. ರಸ್ತೆಯ ಆಚೆಯಿಂದ ಸದ್ದು ಕೇಳಿಯೇ ಪಿಸ್ಟನ್ ಬದಲಾಗಿದೆ ಎಂದು ಹೇಳುವವನು ನಾನು. ದಿನಾ ಬೆಳಿಗ್ಗೆ ಅದೇ ಡಬ್ಬಿಯ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದೆ. ಎರಡು ವರ್ಷದಲ್ಲಿ ಆ ಡಬ್ಬಿಯ ಹಿಂದೆ ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಎರಡೂ ಫಾರಮ್ಮಿನ ಕಂತು ಒಂದು ರೂಪಾಯಿಯೂ ಚೌಕಾಸಿ ಮಾಡದೆ ಕಟ್ಟಿದೆ. ನಾನು ಹೇಳಿದ ದರಕ್ಕೆ ಹಾಗೆ ಒಪ್ಪಿ ಹೋದ ಗಿರಾಕಿಗಳೆಲ್ಲ ಅಂದು ನೆನಪಾದರು.

ಮುಕ್ತಿನಾಥಕ್ಕೆ ಹೋಗಿಬಂದೆವು. ವಿಮೆ ಬಳಸುವ ಪ್ರಸಂಗವೇ ಬರಲಿಲ್ಲ. ಕಟ್ಟಿದ ದುಡ್ಡು ದಂಡವಾಯಿತಲ್ಲ ಎಂದು ನನಗೆ ಬೇಸರವಾಗದ ವ್ಯವಹಾರ ಜೀವಮಾನದಲ್ಲಿ ಇದೊಂದೇ. ಎದೆಯೂ ಹೇಳಿದಂತೆ ಕೇಳಿತು. ಗುಡಿಯ ಮೆಟ್ಟಿಲುಗಳ ನಡುವೆ ಮಾತ್ರ ಎಡಮೊಣಕಾಲು ಮುಂದೆ ಹೋಗಲು ಒಪ್ಪದೆ ಅಲ್ಲೇ ಕುಳಿತುಬಿಟ್ಟೆ. ನಾಲ್ಕು ಮೆಟ್ಟಿಲು ಮೇಲಿದ್ದ ಸುವರ್ಣಾ ಇಳಿದು ಬಂದಳು. ಬದಿಯಲ್ಲಿ ಬಿದ್ದಿದ್ದ ಹಿಮವನ್ನು ಮುಷ್ಟಿ ತುಂಬ ತೆಗೆದು ಕಣ್ತುಂಬ ನೋಡಿದಳು. ಆಮೇಲೆ ಅದನ್ನು ನನ್ನ ಟವೆಲ್ಲಿನಲ್ಲಿ ಕಟ್ಟಿ ನನ್ನ ಮೊಣಕಾಲ ಮೇಲೆ ಒತ್ತಿ ಹಿಡಿದು ಕೇಳಿದಳು: “ಇದನ್ನ ಫಾರಮ್ಮಿನ್ಯಾಗ ಬರಸಿದ್ರೇನ್ರಿ?”