ಹರಿಗೋಲು ಹಾಡು, ಮೂರು ಕೆಮ್ಮು

ಮಾನವಿಯಲ್ಲಿ ಯಾರದೇ ದನಿಯಿರಲಿ, ಒಂದು ಬಸಿ ಚಹಾ ಆರುವಷ್ಟರಲ್ಲಿ ಅದನ್ನು ನನ್ನ ಗಂಟಲಿಗೆ ಇಳಿಸಿಕೊಳ್ಳಬಲ್ಲೆ ಎಂಬುದು ಸರ್ವರಿಗೂ ತಿಳಿದ ಸಂಗತಿ. ಸರ್ವರಿಗೂ ತಿಳಿಸಿದವನು ನಾನೇ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ "ರೈಟ್" ಎಂದೆ. ಕವಿತಾಳದ ಬಸ್ಸು ಹೊರಟುಹೋಯಿತು. ಕಂಡಕ್ಟರ್ ಮಾತ್ರ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದ. ಅಂದಿನಿಂದ ಅವನು ನನ್ನನ್ನು ಕಂಡರೆ ಸಾಕು, ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನ ಕಡೆ ಓಡುತ್ತಾನೆ.

ಈ ವಿದ್ಯೆಗೆ ಒಂದು ಕಾಯಿಲೆಯೂ ಅಂಟಿಕೊಂಡಿದೆ. ಗಾಬರಿಯಾದರೆ ಎದುರಿಗೆ ಯಾರಿದ್ದಾರೋ ಅವರ ದನಿಯೇ ನನ್ನ ಬಾಯಿಂದ ಹೊರಡುತ್ತದೆ. ಜ್ವರ ಬಂದು ಡಾಕ್ಟರ ಬಳಿ ಹೋದಾಗ, ಅವರು ಸೂಜಿ ಎತ್ತಿದ್ದನ್ನು ಕಂಡು ಅವರದೇ ಗಂಭೀರ ದನಿಯಲ್ಲಿ, "ಎಲ್ಲಿ, ನಾಲಿಗಿ ತೋರಸ್ರಿ" ಎಂದುಬಿಟ್ಟೆ. ಪಾಪ, ತೋರಿಸಿದರು.

ಇಂಥ ಯೋಗ್ಯತೆಯುಳ್ಳ ನಾನು ಬಿಜಲಿ ರಾಕ್ ಪಾರ್ಟಿಯ ಹಾಡುಗಳ ಸರದಿಯನ್ನು ತೀರ್ಮಾನಿಸುವ ಮಹತ್ಕಾರ್ಯಕ್ಕೆ ಕೈಹಾಕಿದ್ದರಲ್ಲಿ ಆಶ್ಚರ್ಯವೇನಿದೆ?

ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಟೇಪ್ ರೆಕಾರ್ಡರ್ ಇದ್ದ ಮನೆಗಳನ್ನು ಊರವರು ಬೆರಳು ಮಾಡಿ ತೋರಿಸುತ್ತಿದ್ದರು. ಬಿಜಲಿ ಪಾರ್ಟಿ ರಾಯಚೂರಿನದು. ನನಗೆ ಹಲ್ಲು ಬರುವ ಮೊದಲೇ ಹುಟ್ಟಿದ್ದು. ರಾಕ್ ಎಂದರೇನು ಎಂದು ಪಾರ್ಟಿಯವರಿಗೂ ಖಚಿತವಿರಲಿಲ್ಲ. ಗಿಟಾರಿಗೆ ವೈರು ಇರಬೇಕು, ಹಾಡುವವನು ನಿಂತುಕೊಂಡೇ ಹಾಡಬೇಕು, ಈ ಎರಡರಲ್ಲಿ ಮಾತ್ರ ರಾಜಿಯಿರಲಿಲ್ಲ. ಹಾಡುವವರು ರಹೀಮ್ ಮಾಸ್ತರ್. ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ಹಾಡುಗಳನ್ನು ಅವರೇ ಕಟ್ಟುತ್ತಿದ್ದರು. ಅವುಗಳಲ್ಲಿ ಪಟ್ಟದ ರಾಣಿ ಎಂದರೆ ಹರಿಗೋಲು ಹಾಡು. ಒಬ್ಬ ಮನುಷ್ಯ ಹೆಂಡತಿಯನ್ನು ಕರೆತರಲು ಕೃಷ್ಣಾ ನದಿ ದಾಟುತ್ತಿರುತ್ತಾನೆ. ನಡುನೀರಿನಲ್ಲಿ ಆಚೆ ದಡಕ್ಕೆ ಕೇಳಲೆಂದು "ಹೋ" ಎಂದು ಕೂಗುತ್ತಾನೆ. ಆ "ಹೋ" ಎಷ್ಟು ಎತ್ತರದ್ದೆಂದರೆ, ಕೇಳುವವರು ತಂತಾವೇ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದರು. ಅದನ್ನು ಎತ್ತುವ ಮುಂಚೆ ಮಾಸ್ತರ್ ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮಿಗೇ ಸೀಟಿ ಬೀಳುತ್ತಿತ್ತು.

ಅಂಥ ಪಾರ್ಟಿ ದೇವದುರ್ಗದಲ್ಲಿ ಕಾರ್ಯಕ್ರಮ ಕೊಟ್ಟಿತು, ಹರಿಗೋಲು ಹಾಡಲಿಲ್ಲ.

ಸುದ್ದಿ ತಂದವರು ಇಬ್ಬರು. ಒಬ್ಬ ಬಳೆ ಅಂಗಡಿಯ ಚಾಂದಪಾಷಾ. ಇನ್ನೊಬ್ಬ ಹತ್ತಿ ಮಂಡಿಯಲ್ಲಿ ತೂಕ ಮಾಡುವ ಕಲ್ಲೂರಿನ ವಿರುಪಣ್ಣ. ಇಬ್ಬರೂ ಒಂದೇ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ, ಬರುವಾಗ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದಿದ್ದರು. ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ವಾದ ಮುಂದುವರಿಯಿತು.

"ಹರಿಗೋಲು ಇಲ್ದ ಪ್ರೋಗ್ರಾಮ್ ಏನ್ ಪ್ರೋಗ್ರಾಮ್ ರೀ?" ಎಂದ ಚಾಂದಪಾಷಾ. "ದಾವತ್ತಿಗೆ ಕರದು ಮೊಸರನ್ನ ಹಾಕಿ ಕಳಿಸಿದಂಗಾತು."

"ಇಪ್ಪತ್ತು ವರ್ಷದಿಂದ ಅದೇ ಹರಿಗೋಲು," ಎಂದ ವಿರುಪಣ್ಣ. "ಇಷ್ಟೊತ್ತಿಗೆ ಆ ಮನಿಶಾ ಹೊಳಿ ದಾಟಿ, ಹೆಂಡ್ತಿನ್ನ ಕರಕೊಂಡು ಬಂದು, ಮಕ್ಕಳ ಲಗ್ನಾನೂ ಮಾಡಿರ್ತಾನ. ಬಿಡ್ರಿ ಅವನ್ನ."

"ಮತ್ತೇನ್ ಹಾಡ್ಬೇಕಂತಿ?"

"ಕಂದೀಲು ಹಾಡು. ಅದನ್ನ ಕೇಳಿದಾವ ಈ ಮಾನವಿಯೊಳಗ ನಾ ಒಬ್ಬನ ಅದೀನಿ."

"ಅದಕ್ಕ ಹಾಡಂಗಿಲ್ಲ ಬಿಡು ಅವರು."

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಮುಂದಿನ ವಾರ ಅದೇ ಪಾರ್ಟಿ ನಮ್ಮೂರಿನ ಹತ್ತಿ ಮಂಡಿಯ ಬಯಲಿಗೆ ಬರುವುದಿತ್ತು. ಮೊದಲು ಯಾವ ಹಾಡು, ಎರಡನೆಯದು ಯಾವುದು, ಎಲ್ಲಿ ಡ್ರಮ್ಮು, ಎಲ್ಲಿ ವಿರಾಮ ಎಂದು ಹೋಟೆಲಿನಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದ ಚಹಾವನ್ನು ಇನ್ನೊಂದು ಪಕ್ಷ ಕುಡಿಯದಾಯಿತು. ಹೋಟೆಲಿನವನು ಕಂಗಾಲಾದ.

ಆಗ ನಾನು ಬೆಂಚಿನ ಮೇಲೆ ಎದ್ದು ನಿಂತೆ.

"ಬಾಯಿಲೆ ಬಡದಾಡೂದ್ಯಾಕ? ಎರಡೂ ಪ್ರೋಗ್ರಾಮ್ ನಾನೇ ಮಾಡಿ ತೋರಸ್ತೀನಿ. ಇವತ್ತು ಚಾಂದಭಾಯಿದು, ನಾಳಿ ವಿರುಪಣ್ಣಂದು. ಕೇಳಿ ನಿರ್ಧಾರ ಮಾಡ್ರಿ."

ಗಿಟಾರನ್ನು ಮೂಗಿನಿಂದ ನುಡಿಸಿದೆ. ಡ್ರಮ್ಮಿಗೆ ಡಾಲ್ಡಾ ಡಬ್ಬಿ ಸಿಕ್ಕಿತು. ಮಾಸ್ತರ ದನಿಯಂತೂ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ. ಹರಿಗೋಲು ಬಂದಾಗ ನನ್ನೊಳಗಿನ ಕಲಾವಿದ ಸುಮ್ಮನಿರಲಿಲ್ಲ. ಮಾಸ್ತರ ಒಂದು ಕೆಮ್ಮು ಇಷ್ಟು ಹೆಸರು ಮಾಡಿರುವಾಗ ಮೂರು ಕೆಮ್ಮಿದರೆ ಮೂರು ಪಟ್ಟು ಹೆಸರಾಗದೇ? ಮೂರು ಕೆಮ್ಮಿದೆ, ಆಮೇಲೆ "ಹೋ" ಎತ್ತಿದೆ. ಹೋಟೆಲಿನ ತಗಡು ಗುಯ್ಯೆಂದಿತು. ಕವಿತಾಳದ ಬಸ್ಸಿನವರು ಇಳಿದು ಬಂದು ಕೇಳಿದರು.

ಎರಡನೆಯ ದಿನ, ವಿರುಪಣ್ಣ ಹೇಳಿಕೊಟ್ಟ ಕಂದೀಲು ಮುಗಿದ ಮೇಲೆ, ಬೀದಿಯವರೆಗೆ ನಿಂತಿದ್ದ ಜನ ಹರಿಗೋಲನ್ನೂ ಹಾಡಿಸಿ ನನ್ನ ಜೊತೆಗೇ ಕೆಮ್ಮಿದರು. ಮೂರನೆಯ ದಿನ ಶಾಲೆಗೆ ಹೋಗುವ ಮಕ್ಕಳು ದಾರಿಯುದ್ದಕ್ಕೂ ಮೂರು ಮೂರು ಕೆಮ್ಮುತ್ತ ಹೋದರು. ಊರಿನಲ್ಲಿ ಯಾವುದೋ ಕೆಮ್ಮು ಬಂದಿದೆಯೆಂದು ಡಾಕ್ಟರು ಔಷಧಿ ತರಿಸಿಟ್ಟುಕೊಂಡರಂತೆ. ಕೊನೆಗೆ ಎರಡೂ ಪಕ್ಷಗಳು ಒಂದಾದವು. ಕಂದೀಲು ಎರಡನೆಯದು, ಹರಿಗೋಲು ಕೊನೆಯದು. ಈ ತೀರ್ಮಾನವನ್ನು ಮಾಸ್ತರಿಗೆ ತಲುಪಿಸಲು ನನ್ನನ್ನೇ ರಾಯಭಾರಿಯಾಗಿ ರಾಯಚೂರಿಗೆ ಕಳಿಸಲಾಯಿತು.

ನಾನು ಮರುಮಾತಿಲ್ಲದೆ ಬಸ್ಸು ಹತ್ತಿದ್ದಕ್ಕೆ ಬೇರೆ ಕಾರಣವಿತ್ತು. ಪಾರ್ಟಿಯವರು ಎರಡು ಹಾಡುಗಳ ನಡುವೆ ಗಿಟಾರಿನ ತಂತಿ ಬಿಗಿಯುತ್ತಾರಲ್ಲ, ಆಗ ವೇದಿಕೆ ಖಾಲಿ ಇರುತ್ತದೆ. ಅಲ್ಲಿ ನನಗೊಂದು ಹತ್ತು ನಿಮಿಷ ಬೇಕಿತ್ತು. ಮೈಕಿನ ಮುಂದೆ, ಬೆಳಕಿನಲ್ಲಿ, ನಾನೊಬ್ಬನೇ. ಆ ಹತ್ತು ನಿಮಿಷ ಸಿಕ್ಕರೆ ಬೆಂಚು ಬಿಟ್ಟೆ, ಡಾಲ್ಡಾ ಡಬ್ಬಿ ಬಿಟ್ಟೆ, ಪಾರ್ಟಿಯ ಜೊತೆ ಊರೂರು ತಿರುಗುವುದೇ.

ಮಾಸ್ತರ ಮನೆ ಕೋಟೆ ಗೋಡೆಯ ಹಿಂದಿತ್ತು. ವೇದಿಕೆಯ ಮೇಲೆ ಸಿಂಹದಂತೆ ಕಾಣುವ ಮನುಷ್ಯ ಬನಿಯನ್ನಿನಲ್ಲಿ ಕೂತು ತಮ್ಮ ಹೊಳೆಯುವ ಕೋಟಿಗೆ ಗುಂಡಿ ಹಚ್ಚುತ್ತಿದ್ದರು. ಅವರನ್ನು ಅಷ್ಟು ಹತ್ತಿರದಿಂದ ನೋಡಿ ನನಗೆ ಗಾಬರಿಯಾಯಿತು. ಗಾಬರಿಯಾದ ಮೇಲೆ ಆಗಬೇಕಾದ್ದೇ ಆಯಿತು.

"ಮಾನವಿಯೊಳಗ ಹರಿಗೋಲು ಹಾಡಬೇಕ್ರಿ," ಎಂದೆ, ಮಾಸ್ತರದೇ ದನಿಯಲ್ಲಿ, ಮೂರು ಕೆಮ್ಮಿ.

ಮಾಸ್ತರ ಸೂಜಿ ನಿಂತಿತು. ಹೊಡೆಯುತ್ತಾರೆಂದುಕೊಂಡೆ. ಅವರು, "ಇನ್ನೊಂದ್ಸಲ ಕೆಮ್ಮು ಬೇಟಾ," ಎಂದರು.

ಕೆಮ್ಮಿದೆ.

"ಮೂರ್ಯಾಕ? ನಾ ಒಂದ ಕೆಮ್ಮತಿದ್ದೆ."

"ಸ್ಟೈಲ್ ರೀ."

"ಸ್ಟೈಲ್ ಅಲ್ಲಪ್ಪಾ ಅದು. ಹೆದರಿಕಿ." ಅವರು ದಾರ ಕಡಿದರು. "ಆ ಸೂರ್ ಬರತದೋ ಇಲ್ಲೋ ಅಂತ ಹುಡುಗ ಇದ್ದಾಗಿಂದ ಹೆದರಿಕಿ. ಕೆಮ್ಮಿದ್ರ ಒಂದ್ ಉಸಿರು ಟೈಮ್ ಸಿಗತಿತ್ತು. ಅಷ್ಟೂ ವರ್ಷ ಬಂತು. ಈಗ ಬರವಲ್ದು. ದೇವದುರ್ಗದಾಗ ಸ್ಟೇಜ್ ಹತ್ತೂಕಿಂತ ಮೊದಲ ಎತ್ತಿ ನೋಡಿದೆ, ಒಳಗ ಏನೂ ಇಲ್ಲ. ಜನ ಕೇಳಾಕತ್ತಿದ್ರು, ನಾ ಕೇಳಿಸದಂಗ ನಿಂತೆ."

ನೆಲದ ಮೇಲೆ ಉರುಳಿದ್ದ ಒಂದು ಗುಂಡಿಯನ್ನು ಎತ್ತಿ ಅವರ ಮುಂದಿಟ್ಟೆ.

"ನೀ ಎತ್ತಿ ತೋರಸು," ಎಂದರು. ಎತ್ತಿದೆ. ಕೋಟೆ ಗೋಡೆಯ ಮೇಲಿನ ಪಾರಿವಾಳಗಳು ಎದ್ದವು. ಮಾಸ್ತರ್ ಕೋಟನ್ನು ಮಡಿಸಿ ಬದಿಗಿಟ್ಟರು. ಆಮೇಲೆ ಯೋಜನೆ ಹೇಳಿದರು. ಹಾಡನ್ನು ಅವರು ಹಾಡುತ್ತಾರೆ. ವೇದಿಕೆಯ ಹಿಂದಿನ ಪರದೆಯ ಆಚೆ ಇನ್ನೊಂದು ಮೈಕು ಹಿಡಿದು ನಾನು ನಿಲ್ಲಬೇಕು. ಅವರು ಕೆಮ್ಮಿದ ಕೂಡಲೇ "ಹೋ" ನನ್ನದು. ಯಾರಿಗೂ ತಿಳಿಯಬಾರದು.

"ಮತ್ತ ನನಗೊಂದು ಹತ್ತು ನಿಮಿಷ..." ಎಂದೆ.

"ಮೊದಲು ಹೊಳಿ ದಾಟಸು ನನ್ನ."

ಊರಿಗೆ ಬಂದೆ. ಮಾಸ್ತರ್ ಒಪ್ಪಿದ್ದಾರೆಂಬ ಸುದ್ದಿಗೆ ಚಾಂದಪಾಷಾ ನನ್ನನ್ನು ಅಪ್ಪಿಕೊಂಡ. ಜೀವನದಲ್ಲಿ ಮೊದಲ ಬಾರಿ ನನ್ನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಊಟಕ್ಕೆ ಕೂತರೆ ರೊಟ್ಟಿ ಇಳಿಯಲಿಲ್ಲ.

"ಯಾಕೋ ಮಲ್ಲೇಶಿ, ಸುಮ್ನ ಕುಂತಿ?" ಎಂದಳು ಅವ್ವ. "ಹೊಟ್ಟಿ ನೋಯಾಕತ್ತದೇನು?"

"ಇಲ್ಲ ಬೇ."

"ಮತ್ತ ನನ್ನಂಗ ಮಾತಾಡಾಕತ್ತೀಯಲ್ಲ?"

ಕಾರ್ಯಕ್ರಮದ ದಿನ ಸಂಜೆ ಹತ್ತಿ ಮಂಡಿಯ ಬಯಲು ತುಂಬಿತ್ತು. ಬಾಗಲವಾಡದಿಂದಲೂ ಚಕ್ಕಡಿಗಳಲ್ಲಿ ಬಂದಿದ್ದರು. ಎರಡನೆಯ ಹಾಡು ಕಂದೀಲು. ವಿರುಪಣ್ಣ ಎದ್ದು ನಿಂತು ಸುತ್ತ ಎಲ್ಲರಿಗೂ ಕೈಮುಗಿದನಂತೆ, ತಾನೇ ಹಾಡಿದ ಹಾಗೆ. ನಾನು ಕಂಡಿಲ್ಲ. ನಾನಿದ್ದದ್ದು ಪರದೆಯ ಹಿಂದೆ, ಮೈಕು ಹಿಡಿದು ಬೆವರುತ್ತ. ಮುಂದಿನದೇನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೇ.

ಕೊನೆಗೆ ಹರಿಗೋಲು ಶುರುವಾಯಿತು. ಗಿಟಾರು ನೀರಿನ ಹಾಗೆ ಅಲುಗಿತು. ಮನುಷ್ಯ ದಡ ಬಿಟ್ಟ, ನಡುನೀರಿಗೆ ಬಂದ. ಮಾಸ್ತರ್ ಕೆಮ್ಮಿದರು. ಒಂದೇ ಕೆಮ್ಮು.

ನಾನು ಬಾಯಿ ತೆರೆಯುವಷ್ಟರಲ್ಲಿ ಇಡೀ ಬಯಲು ಕೆಮ್ಮಿತು. ಮಾನವಿ, ಕಲ್ಲೂರು, ಬಾಗಲವಾಡ, ಹೆಂಗಸರು, ಮಕ್ಕಳು, ಬಂದೋಬಸ್ತಿನ ಪೊಲೀಸರು, ಎಲ್ಲರೂ ಸೇರಿ ಎರಡು ಸಲ. ನಾನು ಕಲಿಸಿದ ಲೆಕ್ಕ, ಮೂರಾಗಬೇಕಲ್ಲ. ಒಂದು ವಾರದಿಂದ ಮೂರನೆಯ ಕೆಮ್ಮಿಗೆ ಪಳಗಿದ್ದ ನನ್ನ ಗಂಟಲು ಯಾರನ್ನೂ ಕೇಳದೆ "ಹೋ" ಎತ್ತಿತು. ಎಂಥ "ಹೋ" ಅದು! ಉಸಿರು ಮುಗಿಯುವವರೆಗೂ ಹಿಡಿದೆ. ಇಷ್ಟು ಚೆನ್ನಾಗಿ ಮಾಸ್ತರ್ ತಮ್ಮ ಪ್ರಾಯದಲ್ಲೂ ಹಾಡಿರಲಿಕ್ಕಿಲ್ಲ ಎಂದು ನಡುವೆ ಒಮ್ಮೆ ಅನ್ನಿಸಿತು ಕೂಡ.

ನಿಲ್ಲಿಸಿದಾಗ ಬಯಲಿನಲ್ಲಿ ಸದ್ದಿಲ್ಲ. ಸೀಟಿಯಿಲ್ಲ.

ಸಂಗತಿ ಏನೆಂದು ಆಮೇಲೆ ತಿಳಿಯಿತು. ಊರಿಗೆ ಊರೇ ಕೆಮ್ಮಿದ್ದು ಕೇಳಿ ಮಾಸ್ತರಿಗೆ ತಡೆಯಲಾರದ ನಗು ಬಂದಿತ್ತು. ಮೈಕು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಹೊಟ್ಟೆ ಹಿಡಿದು, ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ಮುಚ್ಚಿದ ಬಾಯಿಂದ, ಎರಡು ಹೆಜ್ಜೆ ಆಚೆಯಿಂದ, ಮಾಸ್ತರ ದನಿ ಮುಗಿಲು ಮುಟ್ಟಿ ನಿಂತಿತ್ತು.

"ಒಳಗ ಯಾರದಾರಲೇ?" ಎಂದು ಯಾರೋ ಕೂಗಿದರು.

ಪರದೆ ಸರಿಯಿತು. ಮಾಸ್ತರ್ ನನ್ನ ತೋಳು ಹಿಡಿದು ಬೆಳಕಿಗೆ ಎಳೆದರು. ಅವರ ಕಣ್ಣು ಇನ್ನೂ ಒದ್ದೆಯಿತ್ತು. ನಗುವಿನದೋ ಬೇರೆಯದೋ ತಿಳಿಯಲಿಲ್ಲ. ಮೈಕಿನ ಬಳಿ ಬಂದು, "ನನ್ನ ಗಂಟಲ ಎಲ್ಲಿ ಹೋತಂತ ಹುಡುಕಾಕತ್ತಿದ್ದೆ," ಎಂದರು. "ನಿಮ್ಮೂರಾಗ ಅದ. ಈ ಹುಡುಗ ಹತ್ತು ನಿಮಿಷ ಕೇಳ್ಯಾನ. ಕೊಡಾಕತ್ತೀನಿ. ಅಷ್ಟ್ರಾಗ ನಾ ನೀರು ಕುಡದು ಬರ್ತೀನಿ."

ಮೈಕು, ಬೆಳಕು, ನಾನೊಬ್ಬನೇ. ನಾನು ಬಯಸಿದ್ದೆಲ್ಲ ಒಟ್ಟಿಗೆ ಎದುರು ನಿಂತಿತು.

ಗಾಬರಿಯಾಯಿತು. ಎದುರಿಗೆ ಇದ್ದದ್ದು ಒಬ್ಬರಲ್ಲ, ಇಡೀ ತಾಲೂಕು. ತಾಲೂಕಿನ ದನಿ ಒಂದು ಗಂಟಲಿನಿಂದ ಹೇಗೆ ಹೊರಡಬೇಕು? ನಮಸ್ಕಾರ ಎಂಬ ಪದವನ್ನು ಕಂಡಕ್ಟರನಲ್ಲಿ ಶುರುಮಾಡಿ, ಚಾಂದಪಾಷಾನನ್ನು ಹಾದು, ಡಾಕ್ಟರಲ್ಲಿ ಮುಗಿಸಿದೆ. ಅದರ ಬಾಲಕ್ಕೆ ನಮ್ಮ ಪಕ್ಕದ ಮನೆಯ ಎಮ್ಮೆ ಸೇರಿಕೊಂಡಿತು.

"ನಿನ್ನ ದನೀಲೆ ಮಾತಾಡಲೇ ಮಲ್ಲೇಶಿ," ಎಂದರು ಮುಂದಿನ ಸಾಲಿನವರು. ಬೈದದ್ದಲ್ಲ, ಪ್ರೀತಿಯಿಂದಲೇ ಅಂದದ್ದು.

ಹುಡುಕಿದೆ. ನಿಜವಾಗಿ ಹುಡುಕಿದೆ. ಅವ್ವ ಕರೆದಾಗ "ಓ" ಎನ್ನುತ್ತೇನಲ್ಲ, ಅದು ಅಪ್ಪನದು. ಸಿಟ್ಟು ಬಂದಾಗ ಕೂಗುವುದು ಅವ್ವನದು. ಒಂದೊಂದನ್ನೇ ಎತ್ತಿ ಬದಿಗಿಟ್ಟು ನೋಡಿದೆ. ತಳದಲ್ಲಿ ಏನೂ ಉಳಿಯಲಿಲ್ಲ. ಉಳಿದ ಅವಧಿಯಲ್ಲಿ ನಾನು ಕೆಮ್ಮಿದೆ. ಸ್ಟೈಲಿಗಲ್ಲ.

ಮಾಸ್ತರ್ ಬಂದು ಮೈಕು ತೆಗೆದುಕೊಂಡರು. ಗಿಟಾರಿನವನ ಕಿವಿಯಲ್ಲಿ ಏನೋ ಹೇಳಿದರು. ಹರಿಗೋಲು ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ಬಹಳ ಕೆಳಗಿನ ಶ್ರುತಿಯಲ್ಲಿ. ನಡುನೀರು ಬಂದಾಗ ಅವರು ಕೆಮ್ಮಲಿಲ್ಲ. "ಹೋ" ಎಂದು ಕೂಗಲೂ ಇಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಅಂದರು. ಆಚೆ ದಡದವಳಿಗೆ ಅದು ಕೇಳಿಸಿತೋ ಇಲ್ಲವೋ. ಬಯಲಿನ ಕಟ್ಟಕಡೆಯ ಚಕ್ಕಡಿಯ ತನಕ ಕೇಳಿಸಿತು.

ಮರುದಿನ ಬೆಳಿಗ್ಗೆ ಮುಖ ಮುಚ್ಚಿಕೊಂಡು ಹೋಟೆಲಿಗೆ ಹೋದೆ. ಚಾಂದಪಾಷಾ ಮತ್ತು ವಿರುಪಣ್ಣ ಆಗಲೇ ಎದುರುಬದುರು ಕೂತಿದ್ದರು.

"ಶ್ರುತಿ ಇಳಿಸಿ ಹಾಡಿದ್ರ ಅದು ಅದೇ ಹಾಡ ಅಲ್ಲ," ಎನ್ನುತ್ತಿದ್ದ ವಿರುಪಣ್ಣ. "ತೂಕದಾಗ ಕಡಿಮಿ ಬಂತು."

"ಅರೆ ಭಾಯ್, ಬ್ಯಾಸಗ್ಯಾಗ ಹೊಳೀನೂ ಇಳೀತದ. ಹೊಳಿ ಅಲ್ಲಂತೀಯೇನು?" ಎಂದ ಚಾಂದಪಾಷಾ. "ಅದನ್ನ ಮೊದಲು ಹಾಡಬೇಕಿತ್ತು, ಕಂದೀಲು ಆಮ್ಯಾಗ."

ಯಾರೂ ನನ್ನನ್ನು ಬೈಯಲಿಲ್ಲ. ಒಂದೊಂದು ಹಾಡನ್ನೂ ಬಿಡಿಸಿ, ತೂಗಿ, ಜಗಳವಾಡಿ ಮುಗಿಸಿದರು. ಡ್ರಮ್ಮಿನವನ ಕೈಗಡಿಯಾರದ ಬಗ್ಗೆಯೂ ಎರಡು ಅಭಿಪ್ರಾಯಗಳಿದ್ದವು. ನನ್ನ ಸರದಿ ಬರುತ್ತದೆಂದು ಕಾದೆ. ಬರಲಿಲ್ಲ. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ.

"ಮತ್ತ ನನ್ನ ಹತ್ತು ನಿಮಿಷ ಹ್ಯಾಂಗಿತ್ತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಾರದಲ್ಲಿ ಅವರು ಜಗಳವಿಲ್ಲದೆ ಒಪ್ಪಿದ ಮಾತು ಅದೊಂದೇ.

"ಅವಾಗ ನಾವು ಚಾ ಕುಡ್ಯಾಕ ಹೋಗಿದ್ವಿ."