ಜವಳಿ ಚೀಲದಲ್ಲಿ ಬರುವ ಕಾಯಿಲೆಗಳು

ನಮ್ಮ ಚಿಕ್ಕಮ್ಮ ನಲ್ಲಿ ನಿಲ್ಲಿಸುವ ಮುಂಚೆ ನಲ್ಲಿಯನ್ನೇ ತೊಳೆಯುತ್ತಾರೆ. ತೊಳೆದ ಕೈಯಲ್ಲಿ ನಲ್ಲಿ ಮುಟ್ಟಿದರೆ ಕೈ ಮತ್ತೆ ಕೊಳೆಯಾಯಿತು. ಹಾಗಾಗಿ ನಲ್ಲಿ ತೊಳೆದು, ನಲ್ಲಿ ತೊಳೆದ ಕೈ ತೊಳೆದು, ಮತ್ತೆ ನಲ್ಲಿ. ಏಳು ಸಲ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ. ತೊಂಡಾಮುತ್ತೂರಿನ ನಮ್ಮ ಮನೆಯಲ್ಲಿ ಇದಕ್ಕೆ ಹೆಸರು ಶುದ್ಧ. ನೆಂಟರು ತಮ್ಮ ಮನೆ ಕಾರ್ಯಗಳಿಗೆ ಪಾತ್ರೆ ತೊಳೆಯಲು ಅವರನ್ನೇ ಕರೆಯುತ್ತಾರೆ. ಮಾರ್ಗಳಿ ಚಳಿಯಲ್ಲಿ ಬೆರಳ ಸಂದು ಒಡೆದು ರಕ್ತ ಬಂದರೆ ಅಮ್ಮ ಕೊಬ್ಬರಿ ಎಣ್ಣೆ ಕೊಟ್ಟು, "ನಿನ್ನ ನೋಡಿ ಈ ಹುಡುಗಿ ಕಲೀಬೇಕು" ಅಂತ ನನ್ನ ಕಡೆ ತಿರುಗುತ್ತಾರೆ.

ಈ ಹುಡುಗಿ ಕೋಯಮತ್ತೂರಿನ ಪೀಳಮೇಡಿನಲ್ಲಿ ಒಬ್ಬ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಡಾಕ್ಟರು ನೋಡುವ ಮುಂಚೆ ಬಂದವರ ಕಥೆ ಕೇಳಿ ಫಾರಂ ತುಂಬುವುದು ನನ್ನ ಕೆಲಸ. ಚಿಕ್ಕಮ್ಮನ ಶುದ್ಧಕ್ಕೆ ಆ ಫಾರಂನಲ್ಲಿ ಬೇರೆ ಹೆಸರಿದೆ, ಗೀಳು ಕಾಯಿಲೆ. ಮನೆಯಲ್ಲಿ ಹೇಳಬೇಕು ಅಂತ ಎರಡು ವರ್ಷದಿಂದ ಬಾಯಿ ತೆರೆಯುತ್ತಿದ್ದೇನೆ. ತೆರೆದಾಗಲೆಲ್ಲ "ಹಸಿವಾ?" ಅಂತ ಕೇಳುತ್ತಾರೆ.

ನಮ್ಮ ಕ್ಲಿನಿಕ್ಕಿನಲ್ಲಿ ನಗು ಬರುವ ಸಂಗತಿಗಳಿಗೆ ಬರವಿಲ್ಲ. ನಕ್ಕ ಮೇಲೆ ಬಾಯಿ ಕಹಿಯಾಗುತ್ತದೆ, ಅಷ್ಟೇ.

ಜೊತೆಗೆ ಬಂದವರು

ನಮ್ಮಲ್ಲಿಗೆ ಬರುವವರು ಫೈಲನ್ನು ಕಟ್ಟಪೈಯಲ್ಲಿ ತರುತ್ತಾರೆ. ಕಟ್ಟಪೈ ಅಂದರೆ ಜವಳಿ ಅಂಗಡಿಯವರು ಸೀರೆ ಹಾಕಿಕೊಡುವ ದೊಡ್ಡ ಗಟ್ಟಿ ಚೀಲ. ಅದನ್ನು ಹಿಡಿದು ಊರಲ್ಲಿ ಬಸ್ಸಿಳಿದರೆ ಯಾರೂ ಏನೂ ಕೇಳುವುದಿಲ್ಲ, ಕೋಯಮತ್ತೂರಿಗೆ ಬಟ್ಟೆಗೆ ಹೋಗಿದ್ದರು ಅಂದುಕೊಳ್ಳುತ್ತಾರೆ. ಹಾಗಾಗಿ ನಮ್ಮ ಕ್ಲಿನಿಕ್ಕಿನ ಬೆಂಚುಗಳಲ್ಲಿ ವರ್ಷವಿಡೀ ದೀಪಾವಳಿ.

ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಎದುರುಬದುರಾದರು. ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ಕೊಡುವ ಮಾತಾಗಿ ಹದಿನೈದು ದಿನ ಆಗಿತ್ತಷ್ಟೆ. ಇಬ್ಬರ ತೊಡೆ ಮೇಲೂ ಕಟ್ಟಪೈ.

"ಬೀಗರು ಇಲ್ಲಿ?"

"ಪಕ್ಕದ ಮನೆಯವರ ಜೊತೆಗೆ ಬಂದೆ. ನೀವು?"

"ನಾನೂ ಅಷ್ಟೇ, ಪಕ್ಕದ ಮನೆಯವರ ಜೊತೆಗೆ."

ನಾನು ಹನ್ನೊಂದನೇ ಟೋಕನ್ ಕರೆದೆ. ಯಾರೂ ಏಳಲಿಲ್ಲ. ಹನ್ನೆರಡು ಕರೆದೆ. ಅದಕ್ಕೂ ಇಲ್ಲ. ಇನ್ನೊಬ್ಬರು ಹೋಗಲಿ ಅಂತ ಒಬ್ಬೊಬ್ಬರೂ ಕಾಯುತ್ತ ಅರ್ಧ ಗಂಟೆ ಮದುವೆ ಅಡಿಗೆಯ ಮಾತಾಡಿದರು. ಕೊನೆಗೆ ಡಾಕ್ಟರೇ ಹೊರಗೆ ಬಂದು, "ಏನಮ್ಮ, ಪೇಷೆಂಟೇ ಇಲ್ಲವಾ?" ಅಂದರು.

"ಇಲ್ಲ ಸರ್," ಅಂದೆ. "ಎಲ್ಲ ಜೊತೆಗೆ ಬಂದವರೇ."

ಕಾಯಿಲು ಕಟ್ಟುವುದು

ಕಿಣತ್ತುಕಡವಿನಿಂದ ತೆಂಗಿನ ತೋಟದ ರೈತರೊಬ್ಬರು ಮಗನನ್ನು ಕರೆತಂದರು. ನಮ್ಮ ಹಾಗೆ ಮನೆಯಲ್ಲಿ ಕನ್ನಡ ಮಾತಾಡುವವರು, ಕೊನೆಗೆ ತಮಿಳಿನ 'ಈಂಗ' ಸೇರಿಸಿ. ಹುಡುಗ ಎಂಟು ತಿಂಗಳಿಂದ ಹಾಸಿಗೆ ಬಿಟ್ಟು ಏಳುವುದಿಲ್ಲ. ಊಟ ಬೇಡ, ಗೆಳೆಯರು ಬೇಡ, ಕ್ರಿಕೆಟ್ಟೂ ಬೇಡ. ಡಾಕ್ಟರು ಮೇಜಿನ ಮೇಲಿನ ಪ್ಲಾಸ್ಟಿಕ್ ಮೆದುಳನ್ನು ಬಿಡಿಸಿ ತೋರಿಸಿದರು. ಇದು ಖಿನ್ನತೆ. ಉತ್ಸಾಹ, ನಿದ್ದೆ, ಹಸಿವು ನೋಡಿಕೊಳ್ಳುವ ಭಾಗಗಳ ನಡುವಿನ ಓಡಾಟ ಏರುಪೇರಾಗಿದೆ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಆಮೇಲೂ ತಿಂಗಳುಗಟ್ಟಲೆ ಬಿಡಬಾರದು.

ರೈತರು ಬಿಡಿಭಾಗವೊಂದನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಬೋರಿನ ಮೋಟಾರು ಸುಟ್ಟರೆ ಎರಡು ದಿನದಲ್ಲಿ ಹೊಸ ತಂತಿ ಸುತ್ತಿ ಕಾಯಿಲು ಕಟ್ಟಿ ಕೊಡ್ತಾರೀಂಗ. ಇದಕ್ಕೆ ತಿಂಗಳುಗಟ್ಟಲೆನಾ?"

"ಮೋಟಾರನ್ನ ನಿಲ್ಲಿಸಿ ಕಟ್ತಾರೆ. ಇದನ್ನ ಓಡ್ತಿರುವಾಗಲೇ ಕಟ್ಟಬೇಕು," ಅಂದರು ಡಾಕ್ಟರು.

ಆ ಮಾತು ಅವರಿಗೆ ತಟ್ಟನೆ ಅರ್ಥವಾಯಿತು. ಕೇಳಿದರು. "ಹಾಗಾದ್ರೆ ಇವನು ಸೋಮಾರಿ ಅಲ್ಲ."

"ಅಲ್ಲ."

ಮಗನ ಕಡೆ ನೋಡಲಿಲ್ಲ. ಭಾಗವನ್ನು ಮೆದುಳಿಗೆ ಸರಿಯಾಗಿ ಕೂರಿಸಿ ಅಂದರು, "ಎಂಟು ತಿಂಗಳು ಬೈದಿದ್ದೆಲ್ಲ ದಂಡವಾಯ್ತಲ್ಲ."

ಬಾದಾಮಿ

ತಿರುಪ್ಪೂರಿನ ಬನಿಯನ್ ಕಂಪನಿಯ ಸೂಪರ್‌ವೈಸರ್ ಒಬ್ಬರು. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತಾರೆ, ಸತ್ತೇ ಹೋದೆ ಅನ್ನಿಸುತ್ತದೆ. ಮೂರು ಸಲ ಇಸಿಜಿ ತೆಗೆಸಿದರೂ ಹೃದಯದಲ್ಲಿ ತೊಂದರೆ ಇಲ್ಲ. ಮೆದುಳಿನಲ್ಲಿ ಬಾದಾಮಿಯಷ್ಟೇ ಒಂದು ಭಾಗವಿದೆ, ಅಪಾಯ ಬಂದರೆ ಸೈರನ್ ಹೊಡೆಯುವುದು ಅದರ ಕೆಲಸ, ನಿಮ್ಮದು ಬೆಂಕಿ ಇಲ್ಲದೆ ಹೊಡೆಯುತ್ತಿದೆ ಅಂತ ಡಾಕ್ಟರು ವಿವರಿಸಿದರು.

ಮುಂದಿನ ಸಲ ಬಂದಾಗ ಮಾತ್ರೆಯ ಪಟ್ಟಿ ಬಿಚ್ಚೇ ಇರಲಿಲ್ಲ. ಹೆಂಡತಿ ನನ್ನನ್ನು ಕೇಳಿದರು, "ದಿನಾ ಬೆಳಿಗ್ಗೆ ಹತ್ತು ಬಾದಾಮಿ ನೆನೆಸಿ ಕೊಡ್ತಿದೀನಿ. ಅದು ಇನ್ನೂ ಸರಿಹೋಗಿಲ್ಲವಾ?"

ಬಾದಾಮಿ ಬರೀ ಹೋಲಿಕೆಗೆ ಅಂತ ಹೇಳುವಷ್ಟರಲ್ಲಿ ನನಗೇ ಬೆವರು ಬಂತು. ಆಕೆ ತಗ್ಗಿದ ದನಿಯಲ್ಲಿ, "ಹೋಗ್ಲಿ, ಚೀಟಿಯಲ್ಲಿ ಹಾರ್ಟು ಅಂತ ಬರೆದುಬಿಡಿ" ಅಂದರು. ಯಾಕೆ ಅಂದೆ.

"ಹಾರ್ಟು ಅಂದ್ರೆ ನೆಂಟರು ಆಪಲ್ ತಗೊಂಡು ನೋಡೋಕೆ ಬರ್ತಾರೆ. ಭಯ ಅಂದ್ರೆ ಏನ್ ತರ್ತಾರೆ?"

ನಾಲ್ಕನೇ ಸೀರೆ

ನನ್ನ ವಾರದ ರಜೆ ಬುಧವಾರ. ಹೋದ ವಾರ ಜೊತೆಗೆ ಕೆಲಸ ಮಾಡುವವಳು ರಜೆ ಬದಲಿಸಿಕೊಳ್ಳೋಣ ಅಂದಳು ಅಂತ ಬುಧವಾರವೂ ಹೋದೆ. ಹೊರಡುವಾಗ ಚಿಕ್ಕಮ್ಮ ನಲ್ಲಿಯ ಹತ್ತಿರ ಇದ್ದರು, ಮಾತಾಡಿಸದೆ ಬಂದಿದ್ದೆ. ಒಂಬತ್ತನೇ ಟೋಕನ್ ಕರೆದೆ. ಹಿಂದಿನ ಬೆಂಚಿನಿಂದ ಕಟ್ಟಪೈ ಎತ್ತಿಕೊಂಡು ಚಿಕ್ಕಮ್ಮ ಎದ್ದು ಬಂದರು.

"ಇವತ್ತು ನಿಂಗೆ ರಜೆ ಅಲ್ವಾ?" ಅಂದರು, ತಪ್ಪು ನನ್ನದೇ ಅನ್ನುವ ಹಾಗೆ.

ಫೈಲು ತೆರೆದೆ. ಇದಕ್ಕೂ ಮುಂಚೆ ಮೂರು ಸಲ ಬಂದಿದ್ದರು, ಮೂರೂ ಬುಧವಾರ.

"ಮನೇಲಿ ಏನಂತ ಹೇಳಿ ಬರ್ತೀರಿ ಚಿಕ್ಕಮ್ಮ?"

"ಸೀರೆಗೆ ಅಂತ. ಬಾಯಲ್ಲಿ ಹೇಳಿದ್ರೆ ಆಗುತ್ತಾ, ನಿಮ್ಮಮ್ಮ ಚೀಲ ಬಿಚ್ಚಿ ನೋಡ್ತಾರೆ. ಬಂದಾಗಲೆಲ್ಲ ಒಂದು ತಗೊಂಡೇ ಹೋಗ್ಬೇಕು."

ಆ ಮೂರೂ ಸೀರೆ ನಾನು ನೋಡಿದ್ದೆ. ನವಿಲು ಬಣ್ಣದ್ದನ್ನು ಚೆನ್ನಾಗಿದೆ ಅಂತ ಹೊಗಳಿಯೂ ಇದ್ದೆ. ಮೂರನೆಯದು ಬಂದ ದಿನ ಊಟಕ್ಕೆ ಕೂತಾಗ ಅಮ್ಮ, "ಇವಳಿಗೆ ಸೀರೆ ಹುಚ್ಚು ಹಿಡಿದಿದೆ, ನಿನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋಗೇ" ಅಂದಿದ್ದರು. ಎಲ್ಲರೂ ನಕ್ಕಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಿಕ್ಕಮ್ಮ. ಇಪ್ಪತ್ತು ವರ್ಷ ನಲ್ಲಿ ತೊಳೆದದ್ದಕ್ಕೆ ಸಿಗದ ಹುಚ್ಚು ಅನ್ನುವ ಹೆಸರು ಮೂರು ಸೀರೆಗೆ ಸಿಕ್ಕಿತ್ತು.

"ಎಲ್ಲರಿಗೂ ಕೈ ತೊಳೆದ ಮೇಲೆ ಒಳಗಿಂದ ಸಾಕು ಅಂತ ಕೇಳುತ್ತಂತೆ ಕಣ್ಣು," ಅಂದರು ಚಿಕ್ಕಮ್ಮ. ಮುದ್ದಿಗೆ ನನ್ನನ್ನು ಕಣ್ಣು ಅಂತಲೇ ಕರೆಯುವುದು. "ಹಣೆ ಹಿಂದಿನ ಭಾಗಕ್ಕೂ ಮೆದುಳಿನ ಆಳಕ್ಕೂ ನಡುವೆ ಒಂದು ಸುತ್ತು ದಾರಿ ಇದೆಯಂತೆ, ನಂದು ಅಲ್ಲೇ ಸುತ್ತುತ್ತಾ ಇರುತ್ತಂತೆ. ಸಾಕು ಅನ್ನೋದು ಬರೋದೇ ಇಲ್ಲ. ನಾನು ಎಲ್ಲರಿಗೂ ಹೀಗೇ ಅಂದ್ಕೊಂಡಿದ್ದೆ."

ಮಾತ್ರೆಯ ಜೊತೆಗೆ, ತೊಳೆಯಬೇಕು ಅನ್ನಿಸಿದರೂ ತಡೆದು ಕೂರುವ ಅಭ್ಯಾಸವನ್ನೂ ಡಾಕ್ಟರು ಕೊಟ್ಟಿದ್ದರು. ಏಳು ಸಲ ಇದ್ದದ್ದು ಐದಕ್ಕೆ ಇಳಿದಿದೆ ಅಂದರು ಚಿಕ್ಕಮ್ಮ. "ಆದ್ರೆ ನಾನು ಬೇಗ ನಲ್ಲಿ ಬಿಟ್ಟು ಎದ್ದರೆ ನಿಮ್ಮಮ್ಮ, ಸರಿಯಾಗಿ ತೊಳೆದ್ಯಾ ಅಂತ ಕೇಳ್ತಾರೆ. ಅಷ್ಟು ಸಾಕು, ಮತ್ತೆ ಏಳು ಸಲ. ಮನೇಲಿ ಯಾರಿಗಾದ್ರೂ ಗೊತ್ತಿದ್ರೇನೇ ಇದು ನಿಲ್ಲೋದು ಅಂತಾರೆ ಡಾಕ್ಟರು."

ಫಾರಂನಲ್ಲಿ 'ಜೊತೆಗೆ ಬಂದವರು' ಅನ್ನುವ ಜಾಗ ಮೂರು ಸಲವೂ ಖಾಲಿ ಇತ್ತು. ಚಿಕ್ಕಮ್ಮ ಒಡೆದ ಬೆರಳನ್ನು ಅದರ ಮೇಲಿಟ್ಟರು.

"ನೀನು ಎಲ್ಲರಿಗೂ ಹೇಳ್ತೀಯಲ್ಲ ಕಣ್ಣು. ಆ ಪ್ಲಾಸ್ಟಿಕ್ ಮೆದುಳನ್ನ ಒಂದು ಸಲ ಮನೆಗೆ ತಂದು, ಅವರಿಗೂ ಹೇಳಿಬಿಡ್ತೀಯಾ?"

ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆಯಲು ಹೋಗಿ, ಪೆನ್ನಿನ ಮುಚ್ಚಳ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.