ನಗಬೇಕಾದ ಹಾಡಿಗೆ ಕೈಮುಗಿದವರು

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಈ ಥರದ ಪ್ರಸಂಗಗಳು ಬರುತ್ತವೆ. ಬಾಗಿಲು ಹಾಕಿಕೊಂಡರೂ ಬರುತ್ತವೆ.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಯಜಮಾನರಿಗೆ ಮೈಕ್‌ಸೆಟ್ಟಿನ ಅಂಗಡಿ ಇತ್ತು. ಅವರು ತೀರಿಕೊಂಡು ಒಂದು ವರ್ಷ ಕಳೆದಿದೆ. ಮದುವೆ, ನಾಮಕರಣ, ಗಣೇಶನ ಪೆಂಡಾಲು, ಎಲ್ಲಿಗೆ ಹೋದರೂ ಉಳಿದ ಮೈಕಿನವರಂತೆ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದು ಕೂಗುವುದು ಅವರಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಹೆಸರಾಂತ ಗಾಯಕರ ಧಾಟಿಯಲ್ಲಿ ತಾವೇ ಕಟ್ಟಿದ ತಮಾಷೆಯ ಹಾಡೊಂದನ್ನು ಹಾಡಿ ಮೈಕು ಪರೀಕ್ಷಿಸುತ್ತಿದ್ದರು. ಹಿಂದೂಸ್ತಾನಿ, ಕವ್ವಾಲಿ, ಭಾವಗೀತೆ, ಜಾನಪದ, ದೇವರನಾಮ, ಯಾವುದನ್ನೂ ಬಿಟ್ಟವರಲ್ಲ. ಆಮೇಲೆ ಅದನ್ನು ಫೋನಿನಲ್ಲಿ ಹಿಡಿದು ಸ್ನೇಹಿತರಿಗೆ ಕಳಿಸುತ್ತಿದ್ದರು. ಅಲ್ಲಿಂದ ಹಾಡು ಹೆಸರು ಕಳೆದುಕೊಂಡು ಊರೂರು ತಿರುಗುತ್ತಿತ್ತು.

ಅವರಿಗೆ ಇದ್ದದ್ದು ಒಂದೇ ಆಸೆ. "ಟೀಚರಮ್ಮ, ಒಂದೇ ಒಂದ್ಸಲ ನನ್ನ ಸ್ಪೀಕರಿನ ಕೆಳಗೆ ನಿಂತವರೆಲ್ಲ ಒಟ್ಟಿಗೆ ನಕ್ಕುಬಿಡಬೇಕು ಕಣೇ. ಆಮೇಲೆ ಅಂಗಡಿ ಮುಚ್ಚಿದ್ರೂ ಸೈ" ಎನ್ನುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಅಣಕ ಕೆಟ್ಟದಾಗಿತ್ತು ಎಂದಲ್ಲ, ಅಷ್ಟು ಚೆನ್ನಾಗಿತ್ತು ಎಂದು. ಜನ ಧಾಟಿ ಕೇಳಿದ ಕೂಡಲೇ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದರು. ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಜೋಕಿಗೆ ನಗದವರ ಮೇಲೆ ನನಗೆ ಕೋಪವಿಲ್ಲ. ಜೋಕಿಗೆ ತಲೆದೂಗುವವರನ್ನು ಕಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಶಾಲು

ರಾಮನಗರದ ಒಂದು ಕಲ್ಯಾಣಮಂಟಪದಲ್ಲಿ ಆರತಕ್ಷತೆ. ಯಜಮಾನರು ವೇದಿಕೆಯ ಹಿಂದಿನ ಕೋಣೆಯಲ್ಲಿ ಕುಳಿತು, ಹಿಂದೂಸ್ತಾನಿಯ ದೊಡ್ಡ ವಿದ್ವಾಂಸರೊಬ್ಬರ ಧಾಟಿಯಲ್ಲಿ ಆಲಾಪ ತೆಗೆದರು. ಸಾಹಿತ್ಯ ಇಷ್ಟೇ: "ಹೋಯಿತು ಕರೆಂಟು, ಬಾರದು ಕರೆಂಟು." ಅದರಲ್ಲಿ "ಹೋ" ಎನ್ನುವ ಅಕ್ಷರ ಮುಗಿಯುವಷ್ಟರಲ್ಲಿ ಒಂದು ಪಂಕ್ತಿಯ ಊಟ ಮುಗಿದಿತ್ತು.

ಹೆಣ್ಣಿನ ಸೋದರಮಾವ ಓಡಿಬಂದರು. ಬೈಯುತ್ತಾರೇನೋ ಎಂದುಕೊಂಡರೆ, ಕೈಮುಗಿದು, "ಸ್ವಾಮಿ, ನಿಲ್ಲಿಸ್ಬ್ಯಾಡಿ. ಧಾರವಾಡದ ಕಡೆಯಿಂದ ಪಂಡಿತ್ರನ್ನ ಕರೆಸಿದ್ದೀವಿ ಅಂತ ಬೀಗ್ರಿಗೆ ಯೋಳ್ಬುಟ್ಟಿದ್ದೀನಿ. ಆದ್ರೆ ನೀವು ಮಾತ್ರ ಈಚೆಗೆ ಬರ್ಕೂಡ್ದು" ಎಂದರು.

"ಯಾಕೆ?"

"ಬೆಳಿಗ್ಗೆ ನೀವು ಗುಂಡಿ ತೋಡಿ ಶಾಮಿಯಾನದ ಗಳ ನೆಡೋದ ಬೀಗ್ರು ನೋಡವ್ರೆ."

ಅಷ್ಟರಲ್ಲಿ ಗಂಡಿನ ತಂದೆಗೆ ಸಂಗೀತ ಹಿಡಿಸಿಬಿಟ್ಟು, ಪಂಡಿತರಿಗೆ ಸನ್ಮಾನ ಮಾಡಲೇಬೇಕೆಂದು ಹಟ ಹಿಡಿದರು. ಸೋದರಮಾವ ಸುತ್ತ ನೋಡಿದರು. ಊಟದ ಸಾಲಿನಲ್ಲಿ ಬಿಳಿ ಗಡ್ಡ ಬಿಟ್ಟುಕೊಂಡು ಜಿಲೇಬಿ ತಿನ್ನುತ್ತಿದ್ದ ದೂರದ ನೆಂಟರೊಬ್ಬರು ಸಿಕ್ಕಿದರು. ಅವರನ್ನು ಎಬ್ಬಿಸಿ, ಬಾಯಿ ಒರೆಸಿ, ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದೆ. ಹಾಡಿದವರು ಒಳಗೆ ವೈರು ಸುತ್ತುತ್ತಿದ್ದರು. ಜಿಲೇಬಿಯವರು ಹೊರಗೆ ಆಶೀರ್ವಾದ ಮಾಡುತ್ತಿದ್ದರು.

"ಇನ್ನೊಂದು ರಾಗ ಆಗ್ಲಿ ಪಂಡಿತ್‌ಜಿ" ಎಂದು ಬೀಗರು ಮೈಕು ಹಿಡಿದರು. ಗಡ್ಡದವರು ಗಂಟಲು ಮುಟ್ಟಿಕೊಂಡು ಗಂಭೀರವಾಗಿ ತಲೆ ಅಲ್ಲಾಡಿಸಿದರು. ಹಿಂದಿನ ಕೋಣೆಯಿಂದ ನಮ್ಮ ಯಜಮಾನರೇ ಎದ್ದು ಬಂದು, ಅವರ ಕೈಗೆ ಒಂದು ಲೋಟ ಬಿಸಿನೀರು ಕೊಟ್ಟು ಹೇಳಿದರು: "ಕುಡೀರಿ ಗುರುಗಳೇ. ಪಾಪ, ಆಗ್ಲಿಂದ ಹಾಡ್ತಾ ಇದ್ದೀರಿ."

ಉದ್ರಿ ನಗು

ನಗಲು ಬಲ್ಲವರು ಯಾರೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ನಮ್ಮ ಬೀದಿಯಲ್ಲಿ ಗೊಂಬೆ ಮಾಡುವ ಸಾಹೇಬರೊಬ್ಬರಿದ್ದಾರೆ. ಭಾನುವಾರ ಹೈವೇಯಲ್ಲಿ ಬೆಂಗಳೂರಿನ ಕಾರುಗಳು ನಿಂತಲ್ಲೇ ನಿಲ್ಲುವುದರ ಮೇಲೆ ಯಜಮಾನರು ಒಂದು ಕವ್ವಾಲಿ ಕಟ್ಟಿದ್ದರು. ಅದನ್ನು ಸಾಹೇಬರ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಒಬ್ಬ ಪ್ರಸಿದ್ಧ ಕವ್ವಾಲರ ಹಾಗೆ ಕೈ ಚಾಚಿ, ಚಪ್ಪಾಳೆ ತಟ್ಟಿ ಹಾಡಿದರು. ನಾನು ಜೊತೆಯಲ್ಲಿದ್ದೆ. ಸಾಹೇಬರು ಲೇತಿನ ಮುಂದೆ ಕುಳಿತು, ತಿರುಗುವ ಮರಕ್ಕೆ ಉಳಿ ಹಿಡಿದಿದ್ದರು. ಹಾಡು ಮುಗಿಯುವವರೆಗೂ ತುಟಿ ಬಿಗಿದಿದ್ದರು. ಮುಖ ಮಾತ್ರ ಅರಗಿನ ಬಣ್ಣ ಹಚ್ಚಿದ ಗೊಂಬೆಯ ಹಾಗೆ ಕೆಂಪಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಏನು ಸಾಹೇಬರೇ, ನಿಮಗೂ ನಗು ಬರಲಿಲ್ಲವಾ?" ಎಂದು ಕೇಳಿಯೇಬಿಟ್ಟೆ.

ಅವರು ಕಣ್ಣು ಮರದಿಂದ ಎತ್ತದೆಯೇ ಹೇಳಿದರು: "ಮೇಡಂ, ಈಗ ನಕ್ರೆ ಉಳಿ ಜಾರ್ತದೆ, ಬುಗುರಿ ಸೊಟ್ಟ ಆಯ್ತದೆ. ಶುಕ್ರವಾರ ರಜಾ. ಇಬ್ರೂ ಮನೆಗೆ ಬನ್ನಿ, ಎಲ್ಲಾ ಸೇರ್ಸಿ ನಗ್ತೀನಿ."

ಸಿಲಿಂಡರಿನ ಒಳಾರ್ಥ

ಇದು ಯಜಮಾನರು ಹೋದ ಮೇಲಿನ ಸಂಗತಿ. ತಾಲ್ಲೂಕಿನ ಶಾಲೆಗಳಿಗೆಲ್ಲ ಸೇರಿ ಭಾವಗೀತೆಯ ಸ್ಪರ್ಧೆ ಇತ್ತು. ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಬೇರೆ ಶಾಲೆಯ ಒಂದು ಹುಡುಗಿ ವೇದಿಕೆಗೆ ಬಂದು, ನಮಸ್ಕಾರ ಮಾಡಿ, ಶುರುಮಾಡಿದಳು:

"ನೀನಿಲ್ಲದ ಒಲೆಯ ಮುಂದೆ
ನಾನೊಬ್ಬನೇ ನಿಂತಿರುವೆ
ಅರ್ಧ ಬೆಂದ ಅನ್ನದಂತೆ
ನಡುವಿನಲ್ಲೇ ಉಳಿದಿರುವೆ."

ಗೌರಿಹಬ್ಬದ ದಿನ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಯಜಮಾನರು ಕಟ್ಟಿದ ಹಾಡು ಅದು. ಅವರು ಅಣಕಿಸಿದ್ದು ಒಬ್ಬ ಹೆಸರಾಂತ ಭಾವಗೀತೆ ಗಾಯಕರ ಧಾಟಿಯನ್ನು, ಆ ಮೆತ್ತನೆಯ ನಿಟ್ಟುಸಿರಿನ ಸಮೇತ. ಹುಡುಗಿ ಅದನ್ನು ಯಾವುದೋ ಫೋನಿನಿಂದ ಕಲಿತಿದ್ದಳು. ನಿಟ್ಟುಸಿರನ್ನೂ ಬಿಟ್ಟಿರಲಿಲ್ಲ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೈಕು ತೆಗೆದುಕೊಂಡು ಮಕ್ಕಳಿಗೆ ವಿವರಿಸಿದರು. "ನೋಡಿ ಮಕ್ಕಳೇ, ಎರಡನೇ ಚರಣದಲ್ಲಿ 'ಕೆಂಪು ಮೈಯವನೇ, ಹಗುರಾದೆಯಾ' ಎಂದು ಬರುತ್ತದೆ. ಇಲ್ಲಿ ಕೆಂಪು ಮೈ ಎಂದರೆ ಮುಳುಗುವ ಸೂರ್ಯ. ಹಗುರಾಗುವುದು ಎಂದರೆ ಆತ್ಮ ದೇಹವನ್ನು ತೊರೆಯುವುದು."

ನಾನು ಎದ್ದು ನಿಂತೆ. ಸಭೆಯಲ್ಲಿ ಎದ್ದು ಮಾತನಾಡುವವಳಲ್ಲ ನಾನು. "ಸರ್, ಇದು ಗ್ಯಾಸ್ ಸಿಲಿಂಡರ್. ನಮ್ಮ ಮನೆಯದು. ಅದನ್ನು ಅಲ್ಲಾಡಿಸಿ ನೋಡಿದಾಗ ಹಗುರಾಗಿತ್ತು. ಹಾಡು ನಮ್ಮ ಯಜಮಾನರದ್ದು. ನಗುವುದಕ್ಕೆ ಬರೆದದ್ದು" ಎಂದೆ.

ಹಿರಿಯರು ನನ್ನನ್ನು ಬಹಳ ಕರುಣೆಯಿಂದ ನೋಡಿದರು. "ಮೇಡಂ, ತಾನು ಏನು ಬರೆದೆ ಎನ್ನುವುದು ಕವಿಗೇ ಗೊತ್ತಿರುವುದಿಲ್ಲ. ಇನ್ನು ಮನೆಯವರಿಗೆ ಹೇಗೆ ಗೊತ್ತಾಗಬೇಕು?"

ಸಾವು ಕಂಡ ಮನೆಯವಳಿಗೆ ಆತ್ಮ ದೇಹ ಬಿಡುವುದನ್ನು ಹೇಳಿಕೊಡಲು ಬಂದರಲ್ಲ ಎಂದುಕೊಳ್ಳುತ್ತ ಕುಳಿತುಕೊಂಡೆ. ಮೊದಲ ಬಹುಮಾನವಾದರೂ ಆ ಹಾಡಿಗೆ ಬರುತ್ತದೆಂದು ಕಾದೆ. ಎರಡನೆಯದು ಬಂತು. ಕಾರಣವನ್ನೂ ಹಿರಿಯರೇ ಓದಿದರು: "ಸಾಹಿತ್ಯ ಉತ್ತಮ, ಶ್ರುತಿ ಶುದ್ಧ. ಆದರೆ ಕೊನೆಯ ಚರಣದಲ್ಲಿ ಹುಡುಗಿ ಮುಸಿಮುಸಿ ನಕ್ಕಿದ್ದಾಳೆ. ಹಾಡು ಅರ್ಥವಾಗಿಲ್ಲ."

ಅವಮಾನ

ಒಂದು ಭಾನುವಾರ ಬೆಳಿಗ್ಗೆ ಕನಕಪುರದಿಂದ ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ನಾಲ್ವರ ಅಂಗಿಯ ಜೇಬಿನ ಮೇಲೂ ಒಬ್ಬ ಜನಪ್ರಿಯ ಜಾನಪದ ಗಾಯಕರ ಚಿತ್ರ. ಅಭಿಮಾನಿಗಳ ಸಂಘದವರಂತೆ. ಒಳಗೆ ಕರೆದರೂ ಕೂರಲಿಲ್ಲ. ಅವರ ಮುಖಂಡನೇ ಮಾತು ತೆಗೆದ.

"ಮೇಡಂ, ನಿಮ್ಮೆಜಮಾನ್ರು ನಮ್ಮಣ್ಣಂಗೆ ಅವಮಾನ ಮಾಡವ್ರೆ. ಹೆಲ್ಮೆಟ್ ಹಾಡು ಅವ್ರದೇ ತಾನೇ?"

ಅವರದೇ. ಆ ಗಾಯಕರು ಎದೆ ಬಿರಿಯುವಂತೆ "ಏಏಏ" ಎಂದು ಏರುವ ರೀತಿಯನ್ನೇ ಹಿಡಿದು, ಪೊಲೀಸರನ್ನು ಕಂಡು ಹೆಲ್ಮೆಟ್ ಹುಡುಕುವವನ ಗೋಳನ್ನು ಹಾಡಿದ್ದರು. "ತಲೆ ಐತೆ, ಟೋಪಿ ಇಲ್ಲ, ಪೊಲೀಸಪ್ಪ ಬುಡೋಂಗಿಲ್ಲ" ಎಂದು ಅದರ ಪಲ್ಲವಿ. ಕೊನೆಗೂ ಇದು ಅಣಕ ಎಂದು ತಿಳಿದವರು ಸಿಕ್ಕಿದರಲ್ಲ ಎಂದು ಸಂತೋಷವಾಗಬೇಕಿತ್ತು. ತಿಳಿದವರು ಜಗಳಕ್ಕೆ ಬಂದಿದ್ದಾರಲ್ಲ ಎಂದು ಸಿಟ್ಟು ಬಂತು.

"ಅವರು ತೀರಿಕೊಂಡಿದ್ದಾರೆ. ಅವಮಾನ ಎಲ್ಲಾಗಿದೆ ತೋರಿಸಿ, ನಾನೇ ತಿದ್ದುತ್ತೇನೆ" ಎಂದೆ. ಗಣಿತದವರ ಅಭ್ಯಾಸ, ತಪ್ಪು ಯಾವ ಹೆಜ್ಜೆಯಲ್ಲಿದೆ ಎಂದು ತೋರಿಸಬೇಕು.

ಮುಖಂಡ ಒಸಿ ಮೆತ್ತಗಾದ. "ಅಯ್ಯೋ, ಗೊತ್ತಿರ್ಲಿಲ್ಲ ಕನಮ್ಮ. ಆದ್ರೂ ನೋಡಿ, 'ಟೋಪಿ ಇಲ್ಲ' ಅನ್ನೋತಾವ ನಮ್ಮಣ್ಣ ಅಂಗೆ ಎಳಿಯಾಕಿಲ್ಲ. ಇಂಗೆ ಎಳೀತಾನೆ." ಎಳೆದು ತೋರಿಸಿದ.

"ಏ, ಅಂಗಲ್ಲ ಕಣ್ಲಾ," ಎಂದ ಇನ್ನೊಬ್ಬ. "ಮೂಗಲ್ಲಿ ಬರ್ಬೇಕು." ಅವನು ಮೂಗಿನಲ್ಲಿ ಎಳೆದ. ಮೂರನೆಯವನು ಸ್ಟೂಲು ತಟ್ಟಿದ. ನಾಲ್ಕು ಜನಕ್ಕೂ ಹಾಡು ಬಾಯಿಪಾಠ, ಒಂದು ಪದ ತಪ್ಪಲಿಲ್ಲ. ನಮ್ಮ ಹಜಾರದಲ್ಲಿ ನಿಂತು, ಅವಮಾನವನ್ನು ಸರಿಪಡಿಸುತ್ತ ಪಲ್ಲವಿಯಿಂದ ಕೊನೆಯವರೆಗೆ ಎರಡು ಸಲ ಹಾಡಿದರು. ಪಕ್ಕದ ಮನೆಯವರು ಟಿವಿ ಆರಿಸಿ ಬಂದು ಬಾಗಿಲಲ್ಲಿ ನಿಂತರು.

ಕಾಫಿ ಕುಡಿದು ಚಪ್ಪಲಿ ಮೆಟ್ಟುವಾಗ ಮುಖಂಡ ಹಿಂದೆ ಉಳಿದ. ಗೆಳೆಯರಿಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಕೇಳಿದ: "ಮೇಡಂ, ಇನ್ನೊಂದು ಅವಮಾನ ಇದ್ರೆ ವಾಟ್ಸ್ಯಾಪ್ ಮಾಡ್ತೀರಾ?"

ಎಡೆ

ವರ್ಷದ ತಿಥಿಯನ್ನು ವಿರೂಪಾಕ್ಷಿಪುರದ ಹತ್ತಿರ, ಯಜಮಾನರ ಹುಟ್ಟೂರಿನಲ್ಲಿ ಮಾಡಿದೆವು. ಫೋಟೋದ ಮುಂದೆ ಎಡೆ ಇಟ್ಟಿದ್ದರು. ಬಾಳೆಎಲೆಯ ಮೇಲೆ ಹೋಳಿಗೆ, ಕಜ್ಜಾಯ, ವಡೆ, ಪಾಯಸ, ಪುಳಿಯೋಗರೆ. ಎಡೆ ಇಟ್ಟು ಮಂಗಳಾರತಿ ಮಾಡಿ, ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಹೋದವರು ಬಂದು ಊಟ ಮಾಡಲಿ ಎಂದು.

ಮೈಕ್‌ಸೆಟ್ಟಿನವನು ಆ ಊರಿನವನೇ. ಪೂಜೆಗೆ ಬಂದಿದ್ದ ಅಯ್ನೋರು ಆರತಿ ಎತ್ತಿಕೊಂಡ ಕೂಡಲೇ ಅವನು ಒಂದು ದೇವರ ಹಾಡು ಹಾಕಿದ. ಎರಡು ಸಾಲು ಕೇಳಿದೆ.

"ಗುಂಡಗಿರುವವನೇ, ಬಿಸಿಬಿಸಿಯಾಗಿ ಬಂದವನೇ
ಸಾರಿನ ಸಾಗರದ ನಡುವೆ ಮಲಗಿರುವವನೇ..."

ನಮ್ಮ ಯಜಮಾನರ ದನಿ. ಭಕ್ತಿಗೀತೆಯ ಮಹಾ ಗಾಯಕರೊಬ್ಬರ ಧಾಟಿಯಲ್ಲಿ ರಾಗಿಮುದ್ದೆಯ ಮೇಲೆ ಅವರು ಕಟ್ಟಿದ್ದ ಹಾಡು. ವರ್ಷವಾಗಿತ್ತು ಸ್ಪೀಕರಿನಲ್ಲಿ ಆ ದನಿ ಕೇಳಿ. ಊರೆಲ್ಲ ಕೈಮುಗಿದು ನಿಂತಿತ್ತು. ಅಯ್ನೋರು ಹಾಡಿನ ತಾಳಕ್ಕೆ ಗಂಟೆ ಆಡಿಸುತ್ತಿದ್ದರು. ಯಜಮಾನರನ್ನು ಎತ್ತಿ ಆಡಿಸಿದ ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಎಂಥ ದೇವ್ರ ಪದ ಹಾಕ್ಸವ್ಳೆ ನೋಡ್ರವ್ವ ನಮ್ಮ ಸೊಸೆ" ಎಂದರು.

ಅವರು ಬದುಕಿರುವವರೆಗೂ ಯಾರೂ ನಗಲಿಲ್ಲ. ಅವರ ತಿಥಿಯ ದಿನವೂ ಅವರ ಜೋಕಿಗೆ ಆರತಿ ಎತ್ತುವುದೇ? ನೇರ ಹೋಗಿ, "ನಿಲ್ಲಿಸಪ್ಪ" ಎಂದೆ.

"ದೇವ್ರ ಹಾಡ ಮದ್ದೇಲಿ ನಿಲ್ಸಬಾರ್ದು ಕನಕ್ಕ, ಪಾಪ ಬತ್ತದೆ" ಎಂದ ಮೈಕಿನವನು.

ನಾನೇ ಗುಂಡಿ ಒತ್ತಿ ಮೈಕು ತೆಗೆದುಕೊಂಡೆ. ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. "ಇದು ದೇವರ ಹಾಡಲ್ಲ. ಹಾಡಿರುವುದು ನಿಮ್ಮೂರಿನ ಮಗ. ಗುಂಡಗಿರುವುದು, ಬಿಸಿಯಾಗಿರುವುದು, ಸಾರಿನಲ್ಲಿ ಮಲಗಿರುವುದು ರಾಗಿಮುದ್ದೆ. ಇದು ತಮಾಷೆ. ದಯವಿಟ್ಟು ಎಲ್ಲರೂ ನಗಬೇಕು."

ಒಂದು ನರಪಿಳ್ಳೆಯೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದೊಡ್ಡಮ್ಮ ಎಡೆಯನ್ನು ನೋಡಿದರು. ಎದೆ ಎದೆ ಬಡಿದುಕೊಂಡರು.

"ಅಯ್ಯೋ ಶಿವನೇ! ಮಗ ಬಾಯ್ಬುಟ್ಟು ಮುದ್ದೆ ಕೇಳ್ತಾವ್ನೆ, ಎಡೇಲಿ ಮುದ್ದೇನೇ ಇಟ್ಟಿಲ್ವಲ್ರೋ!"

ಅಲ್ಲಿಗೆ ತಿಥಿ ನಿಂತಿತು. ಹಬ್ಬದಡುಗೆಯಲ್ಲಿ ಮುದ್ದೆ ಯಾರು ಮಾಡುತ್ತಾರೆ? ನಾಲ್ಕು ಹೆಂಗಸರು ಒಳಗೆ ಓಡಿದರು. ಒಬ್ಬಳು ಹಿಟ್ಟು ತಂದಳು, ಒಬ್ಬಳು ಎಸರಿಟ್ಟಳು, ಇನ್ನೊಬ್ಬಳು ಮುದ್ದೆಕೋಲು ಸಿಗದೆ ಪಕ್ಕದ ಮನೆಗೆ ಓಡಿದಳು. ಅಯ್ನೋರು ಉರಿಯುವ ಆರತಿ ಹಿಡಿದು ನಿಂತಲ್ಲೇ ಗೋಳಾಡಿದರು: "ಕೈ ಸುಡ್ತಾ ಐತೆ ಕನ್ರಪ್ಪ, ಬಿರ್‍ರನೆ ತಿರುವಿ. ಮುದ್ದೆ ಬರೋಗಂಟ ಆ ಪದಾನಾದ್ರೂ ಹಾಕಿ, ಸುಮ್ಕೆ ನಿಂತ್ಕಳಾಕಾಯ್ತದಾ?"

ಮೈಕಿನವನು ಮುದ್ದೆ ಬರುವವರೆಗೆ ಹಾಡಿನ ಮೊದಲ ಸಾಲುಗಳನ್ನೇ ತಿರುತಿರುಗಿ ಹಾಕಿದ. ಈ ಸಲ ಜನ ಮಾತು ಕೇಳಿಸಿಕೊಂಡರು. ಮುದ್ದೆ ಬಂತು, ಎಡೆಯಲ್ಲಿ ಕೂತಿತು, ಪಕ್ಕಕ್ಕೆ ಸಾರೂ ಬಂತು. ಆರತಿಯಾಯಿತು. ಎಲ್ಲರೂ ಅಂಗಳಕ್ಕೆ ಬಂದು ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ನಿಂತೆವು. ಆ ನಿಶ್ಶಬ್ದದಲ್ಲಿ ಸ್ಪೀಕರಿನಿಂದ ಕೊನೆಯ ಚರಣ ಇಳಿದುಬಂತು, ಭಕ್ತಿಯಿಂದ ನಡುಗುತ್ತ:

"ಅಗಿದವನು ಕೆಟ್ಟ, ನುಂಗಿದವನು ಗೆದ್ದಾ..."

ಹಿಂದೆ ಯಾರೋ ಪುಸಕ್ಕೆಂದರು. ಅಯ್ನೋರು, "ಶ್! ನಗಬಾರ್ದು, ಒಳಗೆ ಉಣ್ತಾವ್ರೆ" ಎಂದು ಗದರಿದರು.

ನನಗೆ ತಲೆಯೇ ಕೆಟ್ಟುಹೋಯಿತು. "ಯಾಕೆ ನಗಬಾರದು ಅಯ್ನೋರೇ? ಬಾಯಿ ಬಿಟ್ಟು ನಗಿ, ಅವರಿಗೆ ಕೇಳಿಸಲಿ!" ಎಂದು ಕಿರುಚಿದೆ.

ಆಗ ದೊಡ್ಡಮ್ಮ ಕೋಲೂರಿಕೊಂಡು ಬಾಗಿಲ ಹತ್ತಿರ ಹೋದರು. ಬಾಗಿಲಿಗೆ ಬಾಯಿ ಹಚ್ಚಿ, ಕೋಲಿನಿಂದ ಎರಡು ಸಲ ಕುಟ್ಟಿ, ಅಂಗಳದಲ್ಲಿದ್ದ ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ಕುಸಿಯುವ ಹಾಗೆ ಕೂಗಿದರು:

"ಏನ್ಲಾ ಮಗ, ಊರಿಗೆಲ್ಲ ಯೋಳ್ಬುಟ್ಟು ನೀನೇ ಅಗೀತಾ ಕುಂತೀಯೇನ್ಲಾ? ನುಂಗ್ಲಾ! ನಮ್ಗೂ ಹಸಿವಾಯ್ತಾ ಐತೆ!"